ಔಷಧ ಲೇಪಿತ ಸೊಳ್ಳೆ ಪರದೆಯೂ ನಮ್ಮ ಹತ್ತಿ ಹೊಲವೂ

(ರಜತ ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಡಾಕ್ಟರಲ್ಲ, ಒಕ್ಕಲುತನ ಮಾಡುವವರು. ಆದರೂ ಮಲೇರಿಯಾ ಸೊಳ್ಳೆಯ ಬಗ್ಗೆ ರೈತರಾದ ನಾವು ಆಡಬೇಕಾದ ಎರಡು ಮಾತುಗಳಿವೆ. ಯಾಕಂದ್ರ ಈ ಗುಂಗಾಡದ ಕಥೆಗೂ ನಮ್ಮ ಹತ್ತಿಯ ಕಾಯಿಕೊರಕ ಹುಳದ ಕಥೆಗೂ ಬಹಳ ಫರಕಿಲ್ಲ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತೆಂದು ಅಂದಾಜು. 1953ರಲ್ಲಿ ಸರಕಾರ ನಿಯಂತ್ರಣ ಕಾರ್ಯಕ್ರಮ ಆರಂಭಿಸಿ ಮನೆ ಮನೆಗೆ ಡಿ.ಡಿ.ಟಿ. ಹೊಡೆಸಿತು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಇನ್ನೇನು ರೋಗ ಮುಗೀತು ಅಂತ ತಿಳಿದರು. 1976ರಲ್ಲಿ ಅದೇ ಸಂಖ್ಯೆ ಸುಮಾರು 64 ಲಕ್ಷಕ್ಕೆ ಏರಿತು. ಇದಕ್ಕೆ ಕಾರಣ ಹಲವು. ಡಿ.ಡಿ.ಟಿ.ಗೆ ಸೊಳ್ಳೆ ಸಾಯದಂತಾದದ್ದು ಅವುಗಳಲ್ಲಿ ಒಂದು.

ಸೊಳ್ಳೆ ಔಷಧಕ್ಕೆ ಬಗ್ಗದಂತಾಗುವುದು ಹೇಗೆ? ನೂರಾರು ಸೊಳ್ಳೆಗಳಲ್ಲಿ ಎಲ್ಲೋ ಒಂದೆರಡು ಹುಟ್ಟುತ್ತಲೇ ವಿಷ ತಡೆಯುವಂಥವು ಇರುತ್ತವೆ. ಔಷಧ ಹೊಡೆದಾಗ ಬಾಕಿಯವು ಸಾಯುತ್ತವೆ, ಇವು ಉಳಿದು ಸಂತಾನ ಬೆಳೆಸುತ್ತವೆ. ಒಂದೇ ಔಷಧ ಮತ್ತೆ ಮತ್ತೆ ಹೊಡೆದಷ್ಟೂ ಇಂಥವುಗಳದೇ ರಾಜ್ಯ. ಬೈಲಹೊಂಗಲ, ಸವದತ್ತಿ ಸೀಮೆಯ ಹತ್ತಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರಲಕ್ಷ್ಮಿ, ಡಿ.ಸಿ.ಎಚ್.-32 ತಳಿಗಳ ಕಾಲದಲ್ಲಿ ಸೈಪರ್‌ಮೆಥ್ರಿನ್, ಫೆನ್‌ವಲರೇಟ್ ಮುಂತಾದ ಎಣ್ಣೆಗಳು ಬಂದವು. ಮೊದಮೊದಲು ಹುಳ ಪಟಪಟ ಉದುರಿದವು, ಆಮೇಲೆ ಎಷ್ಟು ಹೊಡೆದರೂ ಕೇಳಲಿಲ್ಲ. 2002ರಲ್ಲಿ ಅನುಮತಿ ಸಿಕ್ಕ ಬಿ.ಟಿ. ಹತ್ತಿಯನ್ನೂ ಗುಲಾಬಿ ಕಾಯಿಕೊರಕ ಅರಗಿಸಿಕೊಂಡಿತು.

ಈಗ ಮುಖ್ಯ ಮಾತಿಗೆ ಬರೋಣ. ಪರದೆಗೆ ಲೇಪಿಸುವ ಡೆಲ್ಟಾಮೆಥ್ರಿನ್ ಕೂಡ ಇದೇ ಪೈರಿಥ್ರಾಯ್ಡ್ ಕುಲದ ಔಷಧ. ನಮ್ಮ ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಕುಲಿಸಿಫೇಸಿಸ್. ಇದು ಕಾಲುವೆಯ ಬಸಿ ನೀರು, ಹಳ್ಳದ ಮಡು, ಮಣ್ಣು ತೆಗೆದ ಗುಂಡಿಗಳಲ್ಲಿ ಹುಟ್ಟಿ, ದನ ಕಟ್ಟುವ ಜಾಗದಲ್ಲಿ ಹಗಲು ಕಳೆಯುತ್ತದೆ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗೆ ಬಂದದ್ದು ನಮ್ಮ ಭಾಗ್ಯ. ಆದರೆ ಹೊಲಗಾಲುವೆಯಲ್ಲಿ ನಿಂತ ನೀರು ಸೊಳ್ಳೆಯ ಭಾಗ್ಯ. ಹೊಲಕ್ಕೆ ಹೊಡೆದ ಎಣ್ಣೆ ಆ ನೀರಿಗೆ ಹರಿದರೆ ಸೊಳ್ಳೆ ಮರಿಗಳಲ್ಲಿ ವಿಷ ತಡೆಯುವಂಥವೇ ಅಲ್ಲಿ ಉಳಿಯುತ್ತವೆ. ಮನೆಯ ಪರದೆಯ ಬಲ ಹೀಗೆ ಹೊಲದಲ್ಲೇ ಸವೆಯುತ್ತದೆ.

ಹಾಗಾದ್ರ ಪರದೆ ಯಾಕ ಬೇಕು ಅಂತ ಕೇಳಬಹುದು. ಔಷಧಕ್ಕೆ ಸಾಯದ ಸೊಳ್ಳೆಯೂ ಬಲೆ ದಾಟಿ ಬರಲಾರದು, ಬಲೆ ತೂತಿಲ್ಲದೆ ಇದ್ದರೆ. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ತಪ್ಪಿದ ಸುಮಾರು 66 ಕೋಟಿ ಮಲೇರಿಯಾ ಪ್ರಕರಣಗಳಲ್ಲಿ ಶೇಕಡಾ 68 ಪರದೆಗಳಿಂದಲೇ ತಪ್ಪಿದವೆಂದು ಲೆಕ್ಕ ಹಾಕಿದ್ದಾರೆ. ಹಟಮಾರಿ ಸೊಳ್ಳೆಗಾಗಿ ಎರಡು ಔಷಧ ಕೂಡಿಸಿದ ಹೊಸ ಪರದೆಗಳನ್ನು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. ಅದರಲ್ಲಿರುವ ಎರಡನೆಯ ಔಷಧ ಕ್ಲೋರ್‌ಫೆನಪೈರ್, ಎಲೆಕೋಸಿಗೂ ಮೆಣಸಿನ ಗಿಡಕ್ಕೂ ಹೊಡೆಯುವಂಥದು. ಇದನ್ನೂ ಹೊಲದಲ್ಲಿ ಮನಸಿಗೆ ಬಂದಂತೆ ಸುರಿದರೆ ಮುಂದಿನ ಗತಿ ಏನು, ನೀವೇ ಯೋಚಿಸಿ.

ಪರದೆ ಇದ್ದವರಿಗೆ ಕೆಲವು ಸೂಚನೆ: ಹೊಸ ಪರದೆಯನ್ನು ಒಂದು ದಿನ ನೆರಳಲ್ಲಿ ಗಾಳಿಗೆ ಹಾಕಿ ಕಟ್ಟಬೇಕು. ಅಂಚನ್ನು ಹಾಸಿದ ಕೌದಿಯ ಅಡಿಗೆ ಸೇರಿಸಬೇಕು. ತೂತು ಬಿದ್ದರೆ ಅಂದೇ ಹೊಲಿಯಬೇಕು. ತಣ್ಣೀರಿನಲ್ಲಿ ಸಾದಾ ಸಾಬೂನಿನಿಂದ ಒಗೆದು ನೆರಳಲ್ಲೇ ಒಣಗಿಸಬೇಕು. ಹಳ್ಳ, ಕೆರೆಯಲ್ಲಿ ಒಗೆಯಬಾರದು, ಮೀನು ಸಾಯುತ್ತವೆ. ದೀರ್ಘ ಬಾಳಿಕೆಯ ಪರದೆಯ ಔಷಧ ಸುಮಾರು 20 ಸಲ ಒಗೆಯುವವರೆಗೆ, ಮೂರು ವರ್ಷದ ಮಟ್ಟಿಗೆ ಇರುತ್ತದೆ. ಔಷಧ ಹೋಯಿತೆಂದು ಹೊಲದ ಎಣ್ಣೆಯಲ್ಲಿ ಪರದೆ ಅದ್ದುವುದು ಮಾತ್ರ ಕೂಡದು, ಜೀವಕ್ಕೆ ಅಪಾಯ. ಸಸಿ ಮಡಿಗೆ, ಕೋಳಿ ಗೂಡಿಗೆ ಹೊದಿಸಬೇಡಿರಿ.

ಈಗೆಲ್ಲಿ ಐತ್ರಿ ಮಲೇರಿಯಾ ಅನ್ನುವವರೂ ಇದ್ದಾರೆ. ಮೊದಲಿಗಿಂತ ಬಹಳ ಕಡಿಮೆಯಾಗಿದೆ, ನಿಜ. 2030ರೊಳಗೆ ದೇಶದಿಂದಲೇ ತೊಲಗಿಸುವ ಗುರಿಯೂ ಇದೆ. ಆದರೆ 1965ರಲ್ಲೂ ಹೀಗೇ ಅನ್ನಿಸಿತ್ತು. ರಾಮದುರ್ಗ, ಸವದತ್ತಿ ಕಡೆಯ ನಮ್ಮ ಮಕ್ಕಳು ದುಡಿಯಲು ಗೋವಾ, ಮಂಗಳೂರಿಗೆ ಹೋಗಿ ಬರುತ್ತಾರೆ. ಬೈಲಹೊಂಗಲ, ಕಿತ್ತೂರು ಭಾಗಕ್ಕೆ ಕಬ್ಬು ಕಡಿಯುವ ಗ್ಯಾಂಗಿನವರು ಬಂದು ಬಯಲಲ್ಲೇ ಮಲಗುತ್ತಾರೆ. ಚಳಿಜ್ವರ ಬಂದರೆ ಗುಳಿಗೆ ನುಂಗಿ ಸುಮ್ಮನಾಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ ರಕ್ತ ಪರೀಕ್ಷೆ ಮಾಡಿಸಬೇಕು.

ಕೀನ್ಯಾ ದೇಶದಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಪರದೆ ಕಟ್ಟಿದ ಮನೆಗಳ ಸುತ್ತ 300 ಮೀಟರಿನೊಳಗೆ ಇದ್ದ, ಪರದೆ ಇಲ್ಲದ ಮನೆಯವರಿಗೂ ರಕ್ಷಣೆ ಸಿಕ್ಕಿತು. ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂಬ ನಮ್ಮ ಸಹಕಾರ ತತ್ವ ಬೇರೆ ಏನು ಹೇಳುತ್ತದೆ? ಆದಕಾರಣ ಈ ಸಭೆಯ ಮುಂದೆ ಎರಡು ಸೂಚನೆ ಇಡುತ್ತೇವೆ. ಒಂದು, ಮಳೆಗಾಲಕ್ಕೆ ಮೊದಲು ಒಂದು ದಿನ ಗೊತ್ತು ಮಾಡಿ ಊರವರೆಲ್ಲ ಕೂಡಿ ಹೊಲಗಾಲುವೆ ಹೂಳು ತೆಗೆಯೋಣ, ಮನೆ ಮನೆಯ ಪರದೆ ಹೊರಗೆ ತೆಗೆದು ನೋಡೋಣ. ಎರಡು, ಸಂಘದ ಅಂಗಡಿಯಲ್ಲಿ ಎಣ್ಣೆ ಕೊಳ್ಳುವಾಗ ಹುಳದ ಲೆಕ್ಕ ನೋಡಿ, ಕೃಷಿ ಅಧಿಕಾರಿಯ ಸಲಹೆ ಕೇಳಿ ಬೇಕಾದಷ್ಟೇ ಕೊಳ್ಳೋಣ. ಸಂಘಕ್ಕೆ ನಾಲ್ಕು ಡಬ್ಬಿ ವ್ಯಾಪಾರ ಕಡಿಮೆಯಾದರೂ ಚಿಂತೆಯಿಲ್ಲ, ಸದಸ್ಯರು ಆರೋಗ್ಯದಿಂದ ಇದ್ದರೆ ಸಂಘ ಇರುತ್ತದೆ.