ತವರು ತೊರೆದ ತಾರೆಗಳು

ಪ್ರಾಚೀನ ಕವಿಯನ್ನು ಕುರಿತು ವಿಚಾರ ಮಾಡುವಾಗ ಮೊದಲು ಏಳುವ ಪ್ರಶ್ನೆಗಳು ಎರಡು: ಅವನ ಕಾಲ ಯಾವುದು, ದೇಶ ಯಾವುದು? ಎರಡೂ ಉತ್ತರಗಳು ಒಂದಕ್ಕೊಂದು ಹೊಂದಬೇಕು. ಹೊಂದದೆ ಹೋದಲ್ಲಿ ಸಂಶೋಧನೆ ಆರಂಭವಾಗುತ್ತದೆ. ಕನ್ನಡ ಪಾಠ ಹೇಳುತ್ತ ಈ ಕ್ರಮಕ್ಕೆ ಒಗ್ಗಿದ ನನಗೆ, ಖಗೋಳಜ್ಞರೂ ಕೆಲವು ನಕ್ಷತ್ರಗಳ ಕಾಲದೇಶಗಳನ್ನು ಕುರಿತು ಇಂಥದೇ ವಾದ ನಡೆಸುತ್ತಾರೆಂದು ತಿಳಿದಾಗ ಕುತೂಹಲವಾಯಿತು.

ನಮ್ಮ ಆಕಾಶಗಂಗೆ ಚಪ್ಪಟೆಯಾದ ತಟ್ಟೆಯಂತಿದೆ. ಅದರ ಅಡ್ಡಳತೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಹೊಸ ತಾರೆಗಳು ಹುಟ್ಟುವ ಅನಿಲದ ಪದರದ ದಪ್ಪವಾದರೋ ಕೆಲವು ನೂರು ಜ್ಯೋತಿರ್ವರ್ಷ ಮಾತ್ರ. ಭಾರಿ ತಾರೆಗಳು ಅಲ್ಪಾಯುಷಿಗಳು. ಸೂರ್ಯನ ಆಯುಷ್ಯ ಸುಮಾರು 1000 ಕೋಟಿ ವರ್ಷವಾದರೆ, ಸೂರ್ಯನ ಒಂಬತ್ತರಷ್ಟು ದ್ರವ್ಯವುಳ್ಳ ತಾರೆ ಸುಮಾರು 3 ಕೋಟಿ ವರ್ಷಗಳಲ್ಲಿ ಉರಿದು ಮುಗಿಯುತ್ತದೆ. ಆದುದರಿಂದ ಅದು ಹುಟ್ಟಿದ ಎಡೆಯ ಸಮೀಪದಲ್ಲಿಯೇ ಇರಬೇಕು. ಆದರೂ ತಟ್ಟೆಯಿಂದ ಸಾವಿರಾರು ಜ್ಯೋತಿರ್ವರ್ಷ ಆಚೆ ಇಂಥ ನೀಲಿ ತಾರೆಗಳು ಕಾಣುತ್ತವೆ. ಕೆಲವು ಎಳೆಯರ ವೇಷ ತೊಟ್ಟ ಮುದಿ ತಾರೆಗಳು. ಉಳಿದವು ನಿಜವಾಗಿಯೂ ಎಳೆಯವು.

ಅವು ತವರು ಬಿಟ್ಟದ್ದು ಹೇಗೆ? ಜೋಡಿ ತಾರೆಗಳಲ್ಲಿ ಒಂದು ಸಿಡಿದಾಗ ಇನ್ನೊಂದು ಕವಣೆಯ ಕಲ್ಲಿನಂತೆ ಹಾರಿಹೋಗುತ್ತದೆಂದು ಡಚ್ ವಿದ್ವಾಂಸ ಆಡ್ರಿಯಾನ್ ಬ್ಲಾವ್ 1961ರಲ್ಲಿ ವಿವರಿಸಿದರು. ಕಿಕ್ಕಿರಿದ ತಾರಾಗುಚ್ಛದೊಳಗಿನ ಸೆಣಸಾಟವೇ ಕೆಲವನ್ನು ಹೊರದಬ್ಬುತ್ತದೆಂದು ಮೆಕ್ಸಿಕೋದ ಅರ್ಕಾಡಿಯೋ ಪೊವೇಡ ಮತ್ತು ಸಂಗಡಿಗರು 1967ರಲ್ಲಿ ಹೇಳಿದರು. ವಿಜಯಸಾರಥಿ ಮತ್ತು ಕಪೋತ ಮಂಡಲಗಳ ಎರಡು ತಾರೆಗಳು ಸುಮಾರು 25 ಲಕ್ಷ ವರ್ಷಗಳ ಹಿಂದೆ ಮಹಾವ್ಯಾಧದಿಂದ ಹೊರಟು, ಇಂದಿಗೂ ವಿರುದ್ಧ ದಿಕ್ಕುಗಳಲ್ಲಿ ಓಡುತ್ತಿವೆ.

ಇನ್ನೂ ತೊಡಕಿನದು, 2005ರಲ್ಲಿ ವರದಿಯಾದ ಎಚ್‌ಇ 0437-5439 ಎಂಬ ತಾರೆ. ದೂರ ಸುಮಾರು 2 ಲಕ್ಷ ಜ್ಯೋತಿರ್ವರ್ಷ. ವೇಗ ಸೆಕೆಂಡಿಗೆ ಸುಮಾರು 720 ಕಿಲೋಮೀಟರು. ಆಕಾಶಗಂಗೆಯ ಕೇಂದ್ರದ ಕಪ್ಪುಕುಳಿ ಅದನ್ನು ಎಸೆದಿದ್ದರೆ, ಅಲ್ಲಿಗೆ ಮುಟ್ಟಲು ಸುಮಾರು 10 ಕೋಟಿ ವರ್ಷ ಬೇಕು. ಪ್ರಾಯಕ್ಕಿಂತ ಪಯಣವೇ ಹಿರಿದಾಯಿತು! ಎರಡು ತಾರೆಗಳು ದಾರಿಯಲ್ಲಿ ಬೆರೆತು ಹೊಸ ಯೌವನ ಪಡೆದಿರಬೇಕೆಂದು ಕೆಲವರು ಊಹಿಸಿದರು. ಅದರ ತವರು ಆಕಾಶಗಂಗೆಯೇ ಅಲ್ಲ, ನೆರೆಯ ದೊಡ್ಡ ಮೆಜೆಲನ್ ಮೇಘ ಎಂದರು ಇತರರು. 2018ರಲ್ಲಿ ಪ್ರಕಟವಾದ ಗಾಯಾ ಉಪಗ್ರಹದ ಅಳತೆಗಳನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದಾಗ, ದಾರಿ ಆ ಮೇಘದತ್ತಲೇ ತಿರುಗಿತು.

ನಾನು ಮೆಚ್ಚಿದ್ದು ಈ ನಡೆಯನ್ನು. ಕಾಲವೂ ದೇಶವೂ ಹೊಂದದಾಗ ಅವರು ಪ್ರಾಯವನ್ನು ಬೇಕಾದಂತೆ ಹಿಗ್ಗಿಸಲಿಲ್ಲ. ಎರಡು ಊಹೆಗಳನ್ನೂ ಮುಂದಿಟ್ಟು ಅಳತೆಗಾಗಿ ಕಾದರು. ಕವಿಯನ್ನು ತಮ್ಮ ಊರಿನವನೆನ್ನಿಸಲು ಶಾಸನದ ಅಕ್ಷರವನ್ನೇ ಬಗ್ಗಿಸುವ ಪಾಂಡಿತ್ಯ ನಮ್ಮಲ್ಲಿ ಇಲ್ಲದಿಲ್ಲ. ತವರು ನಮ್ಮದಲ್ಲವೆಂದು ತಿಳಿದ ಮಾತ್ರಕ್ಕೆ ತಾರೆಯ ಬೆಳಕೇನೂ ಕುಂದಲಿಲ್ಲ. ಕವಿಯ ಕಾವ್ಯವೂ ಕುಂದದು.