ಹುಟ್ಟಲಿರುವವರಿಗೆ ದಾನ
(ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹಿರಿಯರು ಕೆರೆ ಕಟ್ಟಿಸಿ ಸುಮ್ಮನಾಗಲಿಲ್ಲ. ಮುಂದೆ ಅದರ ಹೂಳೆತ್ತುವುದಕ್ಕೂ ಏರಿ ಕಾಯುವುದಕ್ಕೂ ಭೂಮಿ ಬಿಟ್ಟರು. ಶಾಸನಗಳು ಅದನ್ನು ಬಿತ್ತುವಟ್ಟವೆನ್ನುತ್ತವೆ. ತಾವು ಕಾಣದ ಮರಿಮಕ್ಕಳಿಗೆ ಕೊಟ್ಟ ದಾನವದು.

ನಾವಿರುವ ಈ ಊರಿನಲ್ಲೂ ಅಂಥದೊಂದು ನಡೆದಿದೆ. 1994ರ ಅಕ್ಟೋಬರ್ 2ರಂದು ದೆಹಲಿಯ ಮಕ್ಕಳಿಗೆಲ್ಲ ಪೋಲಿಯೊ ಹನಿ ಹಾಕುವ ಕೆಲಸ ಮೊದಲಾಯಿತು. ಮರುವರ್ಷ ದೇಶಕ್ಕೆಲ್ಲ ಹಬ್ಬಿತು. ಸರ್ಕಾರದ ಹಣದೊಡನೆ ರೋಟರಿಯವರು ಕೂಡಿಸಿದ ದಾನದ ಹಣವೂ ದುಡಿಯಿತು. 2011ರ ಜನವರಿಯಲ್ಲಿ ಹೌರಾ ಜಿಲ್ಲೆಯ ಮಗುವೊಂದಕ್ಕೆ ತಗುಲಿದ್ದೇ ದೇಶದಲ್ಲಿ ಕಾಡು ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಪ್ರಮಾಣಪತ್ರ ಬಂತು. ಈಚೆಗೆ ಹುಟ್ಟಿದ ಮಕ್ಕಳಿಗೆ ಆ ರೋಗದ ಹೆಸರೂ ಗೊತ್ತಿಲ್ಲ. ಇನ್ನು ದಾನಿಗಳನ್ನು ನೆನೆಯುವುದೆಲ್ಲಿಂದ!

ಆದರೆ ಪಾಕಿಸ್ತಾನ, ಆಫ್ಘಾನಿಸ್ತಾನಗಳಲ್ಲಿ ವೈರಸ್ಸು ಇನ್ನೂ ಉಳಿದಿದೆ. ಹನಿ ನಿಲ್ಲಿಸುವಂತಿಲ್ಲ. ಹೂಳೆತ್ತುವುದೆಂದರೆ ಇದೇ. ಇಂಥದಕ್ಕೆ ಕೊಡುವವರು ಕಡಮೆ. ಹೆಸರು ಕೆತ್ತಿಸಲು ಇಲ್ಲಿ ಕಲ್ಲಿಲ್ಲವಷ್ಟೆ.

ಈ ಸಂಜೆ ಪೆಟ್ಟಿಗೆಗೆ ಬೀಳುವ ಹಣ ಯಾವ ಸಂಸ್ಥೆಗೆಂದು ಕಾರ್ಯಕಾರಿ ಸಮಿತಿಯವರು ನಿಶ್ಚಯಿಸಲಿದ್ದಾರೆ. ಮಹನೀಯರೇ, ಕಟ್ಟಡದ ಚಿತ್ರ ನೋಡಬೇಡಿ, ಲೆಕ್ಕಪತ್ರ ತರಿಸಿ. ಹೋದ ವರ್ಷ ಎಷ್ಟು ಮಕ್ಕಳನ್ನು ತಲಪಿದಿರಿ, ನಮ್ಮ ಹಣ ಬಾರದಿದ್ದರೆ ಯಾವ ಕೆಲಸ ನಿಲ್ಲುತ್ತದೆ ಎಂದು ಕೇಳಿ.