ಮುಚ್ಚದ ಬಾಗಿಲು
(ವಾಚನಾಲಯದ ಸದಸ್ಯರ ಮುಂದೆ ಮಾಡಿದ ಭಾಷಣ)



ಸಾಹಿತ್ಯವನ್ನು ಕುರಿತು ಮಾತನಾಡಬಲ್ಲ ಹಿರಿಯರು ಈ ವಾಚನಾಲಯದಲ್ಲಿ ಅನೇಕರಿದ್ದಾರೆ. ನಾನು ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದುದರಿಂದ ಮನೆವಾರ್ತೆಯ ಒಂದು ಸಣ್ಣ ವಿಷಯವನ್ನೇ ಇಂದು ತಮ್ಮ ಮುಂದಿಡುತ್ತೇನೆ. ಅದು ಸರಿಯಾಗಿ ಮುಚ್ಚದ ಫ್ರಿಜ್ಜಿನ ಬಾಗಿಲು.

ಫ್ರಿಜ್ಜು ಈಗ ಸಿರಿವಂತರ ಮನೆಯ ಅಲಂಕಾರವಾಗಿ ಉಳಿದಿಲ್ಲ. ಚಾಳಿನ ಖೋಲಿಯಲ್ಲಿ ನಾಲ್ವರು ಕೂಡಿ ಇರುವಲ್ಲಿಯೂ ಹಳೆಯದೊಂದನ್ನು ಕೊಂಡು ಇಟ್ಟಿರುತ್ತಾರೆ. ಬೆಳಗಿನ ಹಾಲು, ದೋಸೆಯ ಹಿಟ್ಟು, ಕೆಲವು ಮನೆಗಳಲ್ಲಿ ಮಧುಮೇಹಿಗಳ ಇನ್ಸುಲಿನ್ ಎಲ್ಲವೂ ಅದನ್ನೇ ನಂಬಿಕೊಂಡಿವೆ. ಒಡೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಂಟಿಗ್ರೇಡಿನ ನಡುವೆ ಇಡಬೇಕು. ಬಾಗಿಲು ಬಿಟ್ಟುಕೊಂಡಿದ್ದರೆ ಆ ತಂಪು ನಿಲ್ಲುವುದಿಲ್ಲ.

ಬಾಗಿಲಲ್ಲಿ ಸಂದು ಬಿದ್ದರೆ ತಂಪುಗಾಳಿ ಭಾರವಾದುದರಿಂದ ಕೆಳಗಿನಿಂದ ಹೊರಗೆ ಸುರಿಯುತ್ತದೆ. ಹೊರಗಿನ ತೇವದ ಗಾಳಿ ಮೇಲಿನಿಂದ ಒಳಗೆ ಬರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಆ ಗಾಳಿಯ ತೇವ ಎಷ್ಟೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ಆ ತೇವವೆಲ್ಲ ತಂಪುಕೊಳವೆಗಳ ಮೇಲೆ ಮಂಜುಗಡ್ಡೆಯಾಗಿ ಕೂಡುತ್ತದೆ. ಗಡ್ಡೆ ಕೊಳವೆಗೆ ಕಂಬಳಿ ಹೊದಿಸಿದಂತೆ. ಅದರ ತಂಪು ಪದಾರ್ಥಗಳಿಗೆ ತಲುಪುವುದಿಲ್ಲ. ಮೋಟಾರು ಬಿಡುವಿಲ್ಲದೆ ಓಡುತ್ತದೆ, ವಿದ್ಯುತ್ತಿನ ಬಿಲ್ಲು ಏರುತ್ತದೆ, ಹಾಲು ಮಾತ್ರ ಒಡೆಯುತ್ತದೆ. ಆಗ ನಾವು "ಗ್ಯಾಸ್ ಹೋಗಿರಬೇಕು" ಎಂದುಕೊಂಡು ಗ್ಯಾಸ್ ತುಂಬಿಸಲು ಹೊರಡುತ್ತೇವೆ. ಹಾಗೆ ಹೊರಡುವ ಮೊದಲು ಬಾಗಿಲನ್ನು ಪರೀಕ್ಷಿಸಿರಿ ಎಂಬುದೇ ನನ್ನ ಮಾತಿನ ತಿರುಳು.

ಹಿಂದಿನ ಕಾಲದ ಫ್ರಿಜ್ಜುಗಳಿಗೆ ಹೊರಗಿನಿಂದ ಬೀಳುವ ಚಿಲಕವಿತ್ತು. ಆಟವಾಡುತ್ತ ಒಳಗೆ ಸೇರಿದ ಮಕ್ಕಳು ಬಾಗಿಲು ತೆಗೆಯಲಾಗದೆ ಉಸಿರುಗಟ್ಟಿ ಸತ್ತರು. ಅದಕ್ಕಾಗಿ ಅಮೆರಿಕದಲ್ಲಿ 1956ರಲ್ಲಿ ಕಾನೂನು ಮಾಡಿ, ಒಳಗಿನಿಂದ ದೂಡಿದರೆ ತೆರೆಯುವ ಬಾಗಿಲೇ ಇರಬೇಕೆಂದು ವಿಧಿಸಿದರು. ಈಗಿನ ಫ್ರಿಜ್ಜಿಗೆ ಚಿಲಕವಿಲ್ಲ. ಬಾಗಿಲಿನ ಸುತ್ತ ಇರುವ ಮೆತ್ತನೆಯ ರಬ್ಬರಿನೊಳಗೆ ಅಯಸ್ಕಾಂತದ ಪಟ್ಟಿಯಿದೆ. ಅದೇ ಬಾಗಿಲನ್ನು ಹಿಡಿದಿಡುತ್ತದೆ. ಆದರೆ ಅದರ ಬಲ ಸ್ವಲ್ಪವೇ. ತಗಡಿನ ಹತ್ತಿರಕ್ಕೆ ಬಂದ ಬಾಗಿಲನ್ನು ಅದು ಎಳೆದುಕೊಳ್ಳುತ್ತದೆ, ದೂರದಲ್ಲಿ ನಿಂತ ಬಾಗಿಲನ್ನು ಎಳೆಯಲಾರದು. ಆದುದರಿಂದ ರಬ್ಬರು ತಗಡಿಗೆ ತಾಗದಂತೆ ತಡೆಯುತ್ತಿರುವುದು ಯಾವುದು ಎಂದು ಹುಡುಕಿದರೆ ರೋಗ ಸಿಕ್ಕಿದಂತೆಯೇ.

ಪರೀಕ್ಷೆಗೆ ಒಂದು ಹತ್ತು ರೂಪಾಯಿಯ ನೋಟು ಸಾಕು. ನೋಟಿನ ಅರ್ಧವನ್ನು ಒಳಗಿಟ್ಟು ಬಾಗಿಲು ಮುಚ್ಚಿ ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ಅಲ್ಲಿ ರಬ್ಬರು ಸರಿಯಾಗಿದೆ. ತಾನಾಗಿ ಜಾರಿದರೆ ಅಲ್ಲಿ ಸಂದಿದೆ. ಗೇಣಿಗೊಂದು ಸಲದಂತೆ ನಾಲ್ಕೂ ಕಡೆ ನೋಡಿ, ಜಾರಿದಲ್ಲಿ ಗುರುತು ಮಾಡಿಕೊಳ್ಳಿರಿ. ಹಳೆಯ ಫ್ರಿಜ್ಜು ಕೊಳ್ಳುವವರು ಹಣ ಎಣಿಸುವ ಮೊದಲೇ ಇದನ್ನು ಮಾಡಬೇಕು.

ಮುಂದಿನ ಕೆಲಸಗಳನ್ನು ಕ್ರಮವಾಗಿ ಮಾಡಿರಿ. ಎಲ್ಲಕ್ಕೂ ಮೊದಲು ಪ್ಲಗ್ಗನ್ನು ಕಿತ್ತಿಡಿರಿ.

ಮೊದಲನೆಯದು, ಭಾರ. ಒಳಗಿನ ಪಾತ್ರೆಯ ಹಿಡಿಯೋ, ತರಕಾರಿಯ ಡಬ್ಬಿಯೋ ಬಾಗಿಲಿಗೆ ಅಡ್ಡ ಬಂದಿದೆಯೇ ನೋಡಿರಿ. ಎರಡು ಲೀಟರಿನ ಐದು ಬಾಟಲಿ ನೀರನ್ನು ಬಾಗಿಲಲ್ಲಿಟ್ಟರೆ ಹತ್ತು ಕಿಲೋ ಆಯಿತು. ದಿನವೂ ಆ ಭಾರ ಹೊತ್ತ ಬಾಗಿಲು ಜೋಲದೆ ಏನು ಮಾಡೀತು?

ಎರಡನೆಯದು, ನೆಲ. ನಮ್ಮ ಖೋಲಿಗಳ ನೆಲ ಮೋರಿಯ ಕಡೆಗೆ ಇಳಿಜಾರಾಗಿರುತ್ತದೆ. ಫ್ರಿಜ್ಜು ಮುಂದಕ್ಕೆ ವಾಲಿದ್ದರೆ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಮುಂದಿನ ಕಾಲುಗಳು ಹಿಂದಿನವುಗಳಿಗಿಂತ ತುಸು ಎತ್ತರವಿರಬೇಕು. ಎಡಬಲ ಸಮವಿರಬೇಕು. ಆ ಕಾಲುಗಳು ಸಾಮಾನ್ಯವಾಗಿ ತಿರುಪಿನವು, ತಿರುಗಿಸಿದರೆ ಏರಿಳಿಯುತ್ತವೆ. ಅರ್ಧ ತೆರೆದು ಬಿಟ್ಟ ಬಾಗಿಲು ತಾನಾಗಿ ಮುಚ್ಚುವತ್ತ ಬಂದರೆ ನಿಲುವು ಸರಿಹೋಯಿತು.

ಮೂರನೆಯದು, ಕೊಳೆ. ಚೆಲ್ಲಿದ ಶರಬತ್ತು, ಹಾಲು ರಬ್ಬರಿನ ಮಡಿಕೆಯಲ್ಲಿ ಒಣಗಿ ಅಂಟಾಗುತ್ತವೆ. ಬಾಗಿಲು ತೆಗೆದಾಗಲೆಲ್ಲ ರಬ್ಬರು ಕಿತ್ತುಬರುತ್ತದೆ. ಉಗುರುಬೆಚ್ಚಗಿನ ನೀರಿಗೆ ತುಸು ಸಾಬೂನು ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಡಿಕೆಗಳನ್ನು ತಿಕ್ಕಿ, ಒಣಬಟ್ಟೆಯಿಂದ ಒರೆಸಿರಿ. ರಬ್ಬರು ಕೂರುವ ತಗಡನ್ನೂ ಒರೆಸಿರಿ. ಸೀಮೆಎಣ್ಣೆ, ಥಿನ್ನರು ಬೇಡ. ಅವುಗಳಿಂದ ರಬ್ಬರು ಕೆಡುತ್ತದೆ.

ನಾಲ್ಕನೆಯದು, ಮಂಜುಗಡ್ಡೆ. ಗಡ್ಡೆ ಬೆಳೆದು ಒಳಗಿನ ಸಣ್ಣ ಬಾಗಿಲನ್ನೂ ದೂಡುತ್ತಿರಬಹುದು. ಫ್ರಿಜ್ಜನ್ನು ನಿಲ್ಲಿಸಿ ಅದು ತಾನೇ ಕರಗಲಿ. ಚಾಕು, ಸೌಟು ಹಾಕಿ ಕೆತ್ತಬೇಡಿರಿ. ಗೋಡೆಯೊಳಗಿನ ಕೊಳವೆ ತೂತಾದರೆ ಹೋಗದ ಗ್ಯಾಸೂ ನಿಜವಾಗಿ ಹೋಗುತ್ತದೆ. ಈಗಿನ ಅನೇಕ ಫ್ರಿಜ್ಜುಗಳಲ್ಲಿರುವುದು ಬೆಂಕಿ ಹತ್ತುವ ಐಸೋಬ್ಯೂಟೇನ್ ಎಂಬುದು ನೆನಪಿರಲಿ.

ಐದನೆಯದು, ರಬ್ಬರಿನ ಆಕಾರ. ಎಲ್ಲಿ ನೋಟು ಜಾರಿತೋ ಅಲ್ಲಿ ರಬ್ಬರು ಒಳಮಡಚಿದ್ದರೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಮೆತ್ತಗಾದ ಮೇಲೆ ಕೈಯಿಂದ ನೇರಮಾಡಿ, ಒರೆಸಿ, ಬಾಗಿಲು ಮುಚ್ಚಿಡಿರಿ. ಕೀಲಿನ ಕಡೆ ರಬ್ಬರು ಮಡಚುತ್ತಿದ್ದರೆ ಅಲ್ಲಿ ವ್ಯಾಸಲೀನನ್ನು ತೆಳ್ಳಗೆ ಸವರಿರಿ.

ಇಷ್ಟಾದರೂ ಬಾಗಿಲು ಓರೆಯಾಗಿ ಜೋತಿದ್ದರೆ ಕೀಲಿನ ತಿರುಪು ಸಡಿಲಿದೆಯೆಂದು ತಿಳಿಯಬೇಕು. ಒಬ್ಬರು ಬಾಗಿಲನ್ನು ಎತ್ತಿ ಹಿಡಿಯಬೇಕು, ಇನ್ನೊಬ್ಬರು ತಿರುಪು ಬಿಗಿಯಬೇಕು. ರಬ್ಬರು ಗಟ್ಟಿಯಾಗಿ ಬಿರಿದಿದ್ದರೆ ಹೊಸದನ್ನೇ ಹಾಕಬೇಕು. ಅಂಗಡಿಗೆ ಹೋಗುವಾಗ ಫ್ರಿಜ್ಜಿನ ಒಳಗಿನ ಅಥವಾ ಹಿಂದಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗಿರಿ. ಹೊಸ ರಬ್ಬರು ಮಡಚಿ ಬಂದಿರುತ್ತದೆ. ಬಿಸಿನೀರಿನಲ್ಲಿ ನೆನೆಸಿ ನೇರಮಾಡಿ ಒರೆಸಿದ ಮೇಲೆ, ಮೊದಲು ನಾಲ್ಕು ಮೂಲೆಗಳನ್ನು ಕೂರಿಸಿ ಆಮೇಲೆ ಬದಿಗಳನ್ನು ಒತ್ತಿರಿ. ಕೆಲವು ಹಳೆಯ ಮಾದರಿಗಳಲ್ಲಿ ರಬ್ಬರಿನ ಅಂಚಿನಡಿ ತಿರುಪುಗಳಿರುತ್ತವೆ. ಅವೆಲ್ಲವನ್ನೂ ಒಮ್ಮೆಗೇ ಬಿಚ್ಚಿದರೆ ಬಾಗಿಲಿನ ಒಳಹಲಗೆಯೇ ಕಳಚಬಹುದು. ಸಡಿಲಿಸಿದರೆ ಸಾಕು. ಕೊನೆಗೆ ಮತ್ತೆ ನೋಟಿನ ಪರೀಕ್ಷೆ ಮಾಡಿರಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಬಾಗಿಲು ನಿಲ್ಲದೆಂದು ಕೆಲವರು ಬಡಗಿಯಿಂದ ಕೊಂಡಿ ಹಾಕಿಸುತ್ತಾರೆ, ಕೆಲವರು ಹಗ್ಗ ಬಿಗಿಯುತ್ತಾರೆ. ಮಕ್ಕಳಿರುವ ಚಾಳಿನಲ್ಲಿ ಇದು ಸಲ್ಲದು. ಯಾವ ಅಪಾಯಕ್ಕಾಗಿ ಚಿಲಕವನ್ನು ತೆಗೆದರೋ ಅದನ್ನೇ ನಾವು ಮರಳಿ ಮನೆಗೆ ಕರೆದಂತಾಗುತ್ತದೆ. ಕೆಟ್ಟ ಫ್ರಿಜ್ಜನ್ನು ಓಣಿಯಲ್ಲಿ ಇಡುವುದಾದರೂ ಬಾಗಿಲನ್ನು ಕಳಚಿಯೇ ಇಡಿರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವೇನು?

ಇಂದು ಮನೆಗೆ ಹೋದೊಡನೆ ಒಂದು ನೋಟನ್ನು ಬಾಗಿಲಿಗೆ ಸಿಕ್ಕಿಸಿ ನೋಡಿರಿ. ಪಕ್ಕದ ಖೋಲಿಯವರಿಗೂ ತೋರಿಸಿಕೊಡಿರಿ.